ಕೆಂಪು ಚುಕ್ಕೆಯ ಕಾರ್ಡು

ಮಂಗಳವಾರ, ನವೆಂಬರ್ ೧೧

ಗ್ರಾಫಿಕ್ಸ್ ಕಾರ್ಡ್ ಈಗಲೇ ಕೊಳ್ಳುವುದೋ, ಕಾಯುವುದೋ. ವಾರದಿಂದ ಇದೇ ರಗಳೆ. ಮನೆಯ ಕಂಪ್ಯೂಟರಿನಲ್ಲಿ ಒಂದು ನಿಮಿಷದ ಅನಿಮೇಶನ್ ರೆಂಡರ್ ಆಗಿ ಚಿತ್ರವಾಗಿ ಹೊರಬರುವಷ್ಟರಲ್ಲಿ ಅನ್ನ ಬೆಂದು ತಣ್ಣಗಾಗಿರುತ್ತದೆ. "ಸ್ವಲ್ಪ ತಡಿಯೇ, ಹೊಸದು ಬಂದ್ರೆ ಹಳೇದು ಅಗ್ಗ ಆಗುತ್ತೆ" ಎನ್ನುತ್ತಾನೆ ಅಣ್ಣ. ಚಪ್ಪಲಿಗೂ ಅವನದು ಇದೇ ಮಾತು. ಹೋದ ವರ್ಷದಿಂದ ಪಿನ್ನು ಚುಚ್ಚಿದ ಚಪ್ಪಲಿಯಲ್ಲೇ ಓಡಾಡುತ್ತಿದ್ದಾನೆ.

ನಾನು ಕೆಲಸ ಮಾಡುವ ಸ್ಟುಡಿಯೋದ ಸಾಹೇಬರದು ಉಲ್ಟಾ. ಎಂದೂ ಒಂದು ಒಳ್ಳೆಯ ಮಾತಾಡದವರು ಮೊನ್ನೆ ತಾವಾಗಿಯೇ ನನ್ನ ಮೇಜಿನ ಬಳಿ ಬಂದು, "ಮನೇಲೊಂದು ಒಳ್ಳೇ ಕಾರ್ಡ್ ಹಾಕಿಸ್ಕೋಮ್ಮ, ಮುಂದೆ ಉಪಯೋಗಕ್ಕೆ ಬರುತ್ತೆ" ಎಂದರು. ಎಷ್ಟು ಕಾಳಜಿ ಎಂದುಕೊಂಡೆ, ಪೆದ್ದಿ.

ನಿನ್ನೆ ನನ್ನ ಆಫೀಸಿನ ಕಂಪ್ಯೂಟರನ್ನು ಸರ್ವೀಸಿಗೆಂದು ಒಯ್ದರು.

ಇವತ್ತು ಅಂಗಡಿಗೆ ಹೋದೆ. "ಹೊಸದ್ಯಾಕೆ ಮೇಡಂ? ಇದು ಬೆಳಿಗ್ಗೆ ತಾನೇ ಬಂದಿದ್ದು, ಚೆನ್ನಾಗಿ ನೋಡ್ಕೊಂಡಿದ್ದಾರೆ" ಎಂದು ಅಂಗಡಿಯವನು ಒಂದು ಹಳೆಯ ಕಾರ್ಡನ್ನು ಕೈಗಿತ್ತ. ತಿರುಗಿಸಿದೆ. ಕೇಬಲ್ ಸಿಕ್ಕಿಸುವ ಎರಡನೆಯ ಪೋರ್ಟಿನ ಪಕ್ಕ ಒಂದು ಕೆಂಪು ಚುಕ್ಕೆ. ಆ ಪೋರ್ಟ್ ಕೆಟ್ಟಿದೆಯೆಂದು ಮರೆಯದಿರಲು ನನ್ನ ಆಫೀಸಿನ ಕಂಪ್ಯೂಟರಿಗೆ ಉಗುರುಬಣ್ಣದಿಂದ ನಾನೇ ಇಟ್ಟದ್ದು. ಬೆರಳು ಮಡಚಿಕೊಂಡೆ, ಉಗುರಿನ ಮೇಲೆ ಇನ್ನೂ ಅದೇ ಬಣ್ಣ.

"ಇಂಥವು ಇನ್ನೂ ಇವೆಯಾ?" ಎಂದೆ.

"ಆ ಆಫೀಸಿನ ಉಳಿದವೆಲ್ಲ ಶುಕ್ರವಾರ ಬರ್ತವೆ ಮೇಡಂ. ಬೇಕಿದ್ರೆ ಅಲ್ಲೀವರೆಗೆ ಕಾಯಿರಿ."

ನಾಳೆ ಹೋಗಿ ಸಾಹೇಬರ ಮುಖ ನೋಡಿ ನಗಬೇಕು. ಪಕ್ಕದ ಮೇಜಿನವಳು ಹೊಸ ಕುರ್ಚಿ ಬೇಕೆಂದು ಕೇಳಿದ್ದಾಳೆ, ಪಾಪ, ದಿನಾ ವಿಚಾರಿಸುತ್ತಾಳೆ. ಅವಳಿಗೆ ಈಗಲೇ ಹೇಳಿಬಿಡುವುದೋ, ಇಲ್ಲ ಶುಕ್ರವಾರದ ತನಕ ಕಾಯುವುದೋ.