ಗ್ಲೋಬಿನ ಪಕ್ಕದ ಫೋಟೋ

ರಿಚ್ಮಂಡ್ ಹಿಲ್, ನವೆಂಬರ್ 1998

ರತ್ನಾ,

ಇವತ್ತು ಸಾಹಿತ್ಯಳ ಸ್ಕೂಲಿಗೆ ಹೋಗಿದ್ದೆ. ಭೂಗೋಳದ ಪಾಠಕ್ಕೆಂದು ಐದನೇ ಕ್ಲಾಸಿನ ಮಕ್ಕಳು ಒಂದೊಂದು ದೇಶಕ್ಕೆ ಒಂದೊಂದು ಮೇಜು ಹಾಕಿದ್ದರು. ನಮ್ಮ ಮಗಳ ಮೇಜಿನ ಮೇಲೆ, ಗ್ಲೋಬಿನ ಪಕ್ಕದಲ್ಲಿ ನಿನ್ನ ಫೋಟೋ ಇತ್ತು. ನಾನು ಹಾಕಿದ ಗಂಧದ ಹಾರ, ಗಾಜಿನ ಮೇಲಿಟ್ಟ ಕುಂಕುಮ, ಎಲ್ಲ ಹಾಗೇ ಇದ್ದವು. ನನಗೆ ಹೇಳದೆ ಗೋಡೆಯಿಂದ ಇಳಿಸಿಕೊಂಡು ಹೋಗಿದ್ದಾಳೆ.

ಹಾರ ನೋಡಿದ ಟೀಚರ್, ಇವಳು ನಿಮ್ಮ ದೇವತೆಯೇ ಎಂದು ಕೇಳಿದರಂತೆ. ಸಾಹಿತ್ಯ ಹೌದು ಎಂದುಬಿಟ್ಟಿದ್ದಾಳೆ. ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಬರೆದೂ ಇಟ್ಟಿದ್ದಾಳೆ: ನಮ್ಮ ಮನೆಯ ದೇವತೆ, ಕರೆದರೆ ಬರುತ್ತಾಳೆ.

ನಿಜವಾಗಿಯೂ ಬರುತ್ತಾಳಾ ಎಂದು ಟೀಚರ್ ನಗುತ್ತಾ ನನ್ನನ್ನು ಕೇಳಿದರು. ಸಾಹಿತ್ಯ ನನ್ನ ಕೋಟಿನ ತೋಳನ್ನು ಬಿಗಿಯಾಗಿ ಹಿಡಿದುಕೊಂಡಳು. ನಾನೂ ಹೌದು ಎಂದೆ.

ಕಾರಲ್ಲಿ ಕೂತಮೇಲೆ ಕೇಳಿದೆ, "ಯಾಕಮ್ಮಾ ಹಾಗಂದೆ?"

"ಡೆಡ್ ಅಂದ್ರೆ ಎಲ್ರೂ ಸಾರಿ ಅಂತಾರೆ ಅಪ್ಪ. ಐ ಹೇಟ್ ಇಟ್." ಸೀಟಿನ ಬೆಲ್ಟು ಹಾಕಿಕೊಳ್ಳುತ್ತಾ, "ಅಮ್ಮ ಕರೆದ್ರೆ ಬರ್ತಿದ್ಲಲ್ವಾ?" ಎಂದಳು.

ಬರುತ್ತಿದ್ದೆ. ನೀನು ಒಲೆಯ ಮೇಲೆ ಹಾಲಿಟ್ಟಿದ್ದರೂ ಬರುತ್ತಿದ್ದೆ.

ನೀನು ತೀರಿಕೊಂಡ ಆ ಮಧ್ಯಾಹ್ನ, ನಾನು ಕೆಲಸಕ್ಕಿದ್ದ ಬೋಲ್ಟನ್ನಿನ ಗೋದಾಮಿಗೆ ಬಾ ಎಂದು ಮೂರು ಸಲ ಫೋನು ಮಾಡಿದ್ದು ಅವಳಿಗೆ ಗೊತ್ತಿಲ್ಲ. ಶಿಫ್ಟು ಮುಗಿಸಿಕೊಂಡು ಬರುತ್ತೇನೆ ಎಂದು ನಾನು ಹೇಳಿಕಳಿಸಿದ್ದೂ ಗೊತ್ತಿಲ್ಲ.

ಫೋಟೋ ಶುಕ್ರವಾರದವರೆಗೆ ಸ್ಕೂಲಿನಲ್ಲೇ ಇರಬೇಕಂತೆ. ಮನೆಗೆ ಬಂದವನೇ ಗೋಡೆಯ ಖಾಲಿ ಮೊಳೆಯ ಮುಂದೆ ನಿಂತು ನಿನ್ನನ್ನು ಮೂರು ಸಲ ಕರೆದೆ, ರತ್ನಾ.