ಗ್ರೂಪಿನ ಕೀಲಿ

ಬುಧವಾರ

ಠಾಣೆ ಸಾಹೇಬರಿಗೆ ಅಮೋಘಸಿದ್ಧನ ತಂಗಿ ಕಾವೇರಿಯ ಶರಣುರಿ.

ನಮ್ಮಣ್ಣನ್ನ ಬಿಡ್ರಿ ಅಂತ ಕೇಳಾಕ ಈ ಕಾಗದ ಬರದಿಲ್ಲ. ಅದನ್ನ ವಕೀಲರು ನೋಡ್ಕೋತಾರ. ನನಗ ಬೇಕಾಗಿದ್ದು ನಿಮ್ಮ ಕಪಾಟಿನಾಗಿರೋ ಅವನ ಫೋನಿಂದ ಒಂದು ಸಣ್ಣ ಕೆಲಸ.

ಊರ ವಾಟ್ಸಾಪ್ ಗ್ರೂಪಿಗೆ ಅಣ್ಣ ಒಬ್ಬನ ಅಡ್ಮಿನ್. ರಸ್ತೆ ಮಾಡಿದ ಗುತ್ತಿಗೆದಾರನ್ನ ಯಾರೋ ಅದರಾಗ ಕಳ್ಳ ಅಂದ್ರು. ಮಾನ ಹೋತು ಅಂತ ಆತ ಕಂಪ್ಲೇಂಟ್ ಕೊಟ್ಟ, ನೀವು ಅಣ್ಣನ್ನ ಕರಿಸಿ ಬೈದ್ರಿ. ಅವ ಅಂಜಿ, ತಾನೊಬ್ಬನ ಬರಿಯೂ ಹಂಗ ಗ್ರೂಪಿಗೆ ಕೀಲಿ ಹಾಕಿದ. ಮರುದಿನ ನೀವು ಅವನ್ನೂ ಒಯ್ದ್ರಿ, ಫೋನೂ ಒಯ್ದ್ರಿ.

ಸೋಮವಾರ ನಮ್ಮವ್ವ ಕಸ್ತೂರೆವ್ವ ತೀರಿಕೊಂಡ್ಳು. ಸತ್ತ ಸುದ್ದಿ ಆ ಗ್ರೂಪಿನಾಗ ಬಂದ್ರನ ಅಗರಖೇಡ, ನಾಲತವಾಡದ ಬೀಗರು, ಸೊಲ್ಲಾಪುರದಾಗ ದುಡಿಯೋರು ಮಣ್ಣಿಗೆ ಬರ್ತಾರ. ಅವರ ನಂಬರೆಲ್ಲಾ ಆ ಫೋನಿನಾಗ ಅದಾವು. ಊರಾಗಿದ್ದವರು, ಪೊಲೀಸ್ ಜೀಪು ಬಂದ ಮನಿ ಅಂತ ದೂರ ನಿಂತ್ರು. ಸೂಲಗಿತ್ತಿಯಾಗಿ ಅರ್ಧ ಊರಿನ ಹೆರಿಗಿ ಮಾಡಿಸಿದಾಕಿ ಮಣ್ಣಿಗೆ ಹನ್ನೊಂದು ಮಂದಿ ಇದ್ರು. ಅವ್ವ ಹೋಗಿದ್ದನ್ನ ಜೈಲಿನಾಗ ಅಣ್ಣಗ ವಕೀಲರ ಹೇಳ್ಯಾರ.

ಫೋನ್ ಕೊಡಬ್ಯಾಡ್ರಿ. ಅದರ ಲಾಕ್ ತಗಿಯೋ ನಂಬರು ಅಣ್ಣನ ಕಡಿಂದ ಬರಿಸಿಕೊಂಡೀರಿ, ನೀವ ಇಷ್ಟು ಹಾಕ್ರಿ: “ಕಸ್ತೂರೆವ್ವ ತೀರಿಕೊಂಡಾಳ. ಶುಕ್ರವಾರ ಐದನೇ ದಿನದ ಕಾರ್ಯ ಐತಿ, ಬರ್ರಿ.”

ಇದರಾಗ ಅವ್ವನ ಬಿಟ್ಟು ಯಾರ ಹೆಸರೂ ಇಲ್ಲ. ಆದರೂ ಯಾರದರೆ ಮಾನ ಹೋಗ್ತೈತಿ ಅನಿಸಿದ್ರ ಆ ಶಬ್ದ ಹೊಡದು ಹಾಕ್ರಿ. ಆಕಿ ಹೆಸರೊಂದು ಇರಲ್ರಿ.

ಕಸ್ತೂರೆವ್ವನ ಮಗಳು,
ಕಾವೇರಿ