ಮೂರನೇ ಅಧ್ಯಾಯದ ಕಲ್ಲುಕುಟಿಗರು

ಮಾರ್ಚ್ 4, ಸೋಮವಾರ
ಬೆಳಿಗ್ಗೆ ಕಾಲೇಜಿನಲ್ಲಿ ಎರಡು ಕ್ಲಾಸ್ ಪಾಠ ಮಾಡಿದೆ. ಮಟಾಟು ಮಿನಿಬಸ್ಸಿಗೆ ಕಾದು ಕಾದು ಹೈರಿಡ್ಜ್‌ನ ಮನೆಗೆ ಬರುವಾಗ ಮೂರು ಗಂಟೆ. ಪಿಎಚ್.ಡಿ. ವೈವಾಗೆ ಇನ್ನು ಹದಿನೈದೇ ದಿನ. ಆರು ವರ್ಷದ ಕೆಲಸ: ಪೋರ್ಚುಗೀಸರು ಮೊಂಬಾಸಾದಲ್ಲಿ ಕೋಟೆ ಕಟ್ಟಿ ಬಂದರು ಹಿಡಿದ ಕತೆ. ಎಲ್ಲ ನಿಂತಿರುವುದು ಮೂರನೇ ಅಧ್ಯಾಯದ ಒಂದು ಪಟ್ಟಿಯ ಮೇಲೆ. ಊರಿನ ನಮ್ಮ ಕನ್ನಡ ಕರಾವಳಿಯಿಂದ ಇಲ್ಲಿಗೆ ಬಂದ ಇಪ್ಪತ್ತಮೂರು ಕಲ್ಲುಕುಟಿಗರ ಹೆಸರು. ವರ್ಷ ಎರಡೇ ಅಂಕೆಯಲ್ಲಿ, 96. ಅಂದರೆ 1596, ಬುನಾದಿ ಹಾಕಿ ಮೂರು ವರ್ಷಕ್ಕೆ.

ಆರ್ಕೈವ್‌ನಿಂದ ಆ ಪಟ್ಟಿಯ ಹೊಸ ಸ್ಕ್ಯಾನ್ ಬಂದಿತ್ತು. ದೊಡ್ಡದು ಮಾಡಿ ನೋಡಿದೆ.

ಒಂಬತ್ತಲ್ಲ, ಮೂರು. 1636. ಕೋಟೆ ಕಟ್ಟಿದವರಲ್ಲ, ನಲವತ್ತು ವರ್ಷ ಕಳೆದು ರಿಪೇರಿಗೆ ಬಂದವರು.

ಮಾರ್ಚ್ 5
ಯಾರಿಗೂ ಗೊತ್ತಿಲ್ಲ. ಪರೀಕ್ಷಕರ ಕೈಯಲ್ಲಿರುವುದು ಹಳೆಯ ಮಸುಕು ಫೋಟೊಕಾಪಿ. ಸುಮ್ಮನಿದ್ದರೆ… ಪಿಎಚ್.ಡಿ. ಆಗದಿದ್ದರೆ ಡಿಸೆಂಬರ್‌ಗೆ ಕಾಲೇಜು ನನ್ನನ್ನು ಕೆಲಸದಿಂದ ತೆಗೆಯುತ್ತದೆ. ಐವತ್ತೆರಡರಲ್ಲಿ ಇನ್ನೆಲ್ಲಿ ಹೋಗುವುದು.

ಮಾರ್ಚ್ 12
ಒಂದು ವಾರ ಬರೆಯಲಿಲ್ಲ. ಊಟ ಸೇರುತ್ತಿಲ್ಲ.
ಕೊನೆಗೆ ಇವರಿಗೆ ಹೇಳಿದೆ. ನನ್ನ ಗಂಡ ಬೊನಿಫಾಸ್‌ಗೆ ಎಂಬಕಸಿಯ ವಿಮಾನ ನಿಲ್ದಾಣದಲ್ಲಿ ಕಾರ್ಗೋ ಕೆಲಸ, ಕಾಗದದ ತಪ್ಪು ಹೊಸದಲ್ಲ. ಬೂಟು ಬಿಚ್ಚುತ್ತಾ ಪೂರ್ತಿ ಕೇಳಿಸಿಕೊಂಡರು.
“ನಾಳೆಯೇ ಹೋಗಿ ಹೇಳು ಮಾರಾಯ್ತಿ. ಕೆಲಸ ಹೋದ್ರೆ ಮತ್ತೆ ನೋಡುವ.”

ಮಾರ್ಚ್ 13, ಮಧ್ಯಾಹ್ನ
ಹೇಳಿದೆ. ನನ್ನ ಗೈಡ್ ಡಾ. ಗ್ಲೋರಿಯಾ ಎರಡೂ ಪ್ರತಿಗಳನ್ನು ಪಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದರು. ಹಾಗಾದರೆ ಮೊದಲ ಕಲ್ಲು ಇಟ್ಟವರು ಯಾರು ಎಂದು ಕೇಳಿದರು. ಗೊತ್ತಿಲ್ಲ ಎಂದೆ.
“ದೆನ್ ರೈಟ್ ದ್ಯಾಟ್, ಹೆಲನ್.”
ಪರೀಕ್ಷಕರಿಗೆ ಇವತ್ತೇ ತಿಳಿಸುತ್ತಾರಂತೆ. ವೈವಾ ಮುಂದಕ್ಕೆ ಹೋದರೂ ಹೋಗಬಹುದು. ಹೊರಗೆ ಬಂದು ರಸ್ತೆಬದಿಯಲ್ಲಿ ಸುಟ್ಟ ಜೋಳ ಕೊಂಡು ನಿಂತಲ್ಲೇ ತಿಂದೆ. ಇನ್ನೊಂದೂ ತಿಂದೆ.

ಮಾರ್ಚ್ 19, ಸಂಜೆ
ಪಾಸ್! ವೈವಾ ಮುಂದಕ್ಕೆ ಹೋಗಲಿಲ್ಲ, ಇವತ್ತೇ ಆಯಿತು.
ತಿದ್ದುಪಡಿಗೆ ಮೂರು ತಿಂಗಳು. ಹೊರಗಿನ ಪರೀಕ್ಷಕರು ಮೊದಲು ಮುಖ ಗಂಟಿಕ್ಕಿಕೊಂಡೇ ಇದ್ದರು. ಆಮೇಲೆ, ರಿಪೇರಿಗೆ ಬಂದವರ ಹೆಸರಾದರೂ ಸಿಕ್ಕಿತಲ್ಲ, ಅವರಿಗೇ ಆ ಅಧ್ಯಾಯ ಕೊಡಿ ಎಂದರು. ಟಾಯ್ಲೆಟ್‌ಗೆ ಹೋಗಿ ಚೆನ್ನಾಗಿ ಅತ್ತೆ. ಇವರಿಗೆ ಫೋನ್ ಮಾಡಿದರೆ “ಆಯ್ತಲ್ಲ” ಎಂದರು, ಅಷ್ಟೇ.

ಮಾರ್ಚ್ 24, ಭಾನುವಾರ
ಎಂಟರವರೆಗೆ ನಿದ್ದೆ. ಎಷ್ಟು ತಿಂಗಳಾಗಿತ್ತು!
ಈಸ್ಟರ್ ರಜೆಗೆ ಮೊಂಬಾಸಾ ರೈಲಿನ ಟಿಕೆಟ್ ಸಿಕ್ಕಿದೆ. ಮಗಳು ಬ್ರೆಂಡಾ ತಾನೂ ಬರುತ್ತಾಳಂತೆ, ಇದೇ ಮೊದಲು. ಆ ಕೋಟೆಯನ್ನು ಹತ್ತು ಸಲವಾದರೂ ನೋಡಿದ್ದೇನೆ. ಪ್ರತಿ ಸಲವೂ ನಮ್ಮವರ ಗುರುತು ಹುಡುಕುವುದೇ ಆಗಿತ್ತು. ಈ ಸಲ ಸುಮ್ಮನೆ ನೋಡಬೇಕು. ಹವಳದ ಕಲ್ಲು. ಬೆಳಗಿನ ಬಿಸಿಲು ಬಿದ್ದಾಗ ಆ ಗೋಡೆ—

ಬ್ರೆಂಡಾ ಕರೆಯುತ್ತಿದ್ದಾಳೆ. ಸೂಟ್‌ಕೇಸ್ ಎಲ್ಲಿ ಎಂದು…